ಒಂಬತ್ತು ಹೂವು, ನಾಲ್ಕು ಹೆಸರು

ಗಡಿಯಾರ ರಿಪೇರಿಯವನ ಕುಂಡದಲ್ಲಿ ಯಾರೂ ನೆಡದ ಗಿಡವೊಂದು ತಾನಾಗಿ ಎದ್ದು ಒಂಬತ್ತು ಹೂ ಬಿಟ್ಟಿತು. ನೇರಳೆ ಬಣ್ಣ, ಒಳಗೆ ಹಳದಿ ಚುಕ್ಕೆ. ಬಡಾವಣೆಯ ಹೂವಿನ ಸ್ಪರ್ಧೆಯಿಂದ ಏಳು ವರ್ಷ ಬರಿಗೈಯಲ್ಲಿ ವಾಪಸಾಗಿದ್ದ ಆಸಾಮಿಗೆ ಅದನ್ನು ನೋಡಿ ಕಣ್ಣು ತುಂಬಿ ಬಂತು. ಏಳು ಸಲವೂ ಕಪ್ ಹೊಡೆದವಳು ಪಕ್ಕದ ಮನೆಯ ಟೈಲರಮ್ಮ. ಈ ಸಲ ಕಪ್ ತನ್ನದೇ ಅಂದುಕೊಂಡ.

ತೊಡಕು ಒಂದೇ. ಅರ್ಜಿಯಲ್ಲಿ ಗಿಡದ ಹೆಸರು ಬರೆಯದಿದ್ದರೆ ಪ್ರವೇಶವಿಲ್ಲ, ಅರ್ಜಿ ತಗೊಳ್ಳೋದು ಮಧ್ಯಾಹ್ನ ಮೂರರವರೆಗೆ ಮಾತ್ರ. ಪಾಪ, ಅವನಿಗೆ ಗುಲಾಬಿ, ದಾಸವಾಳ ಬಿಟ್ಟರೆ ಮೂರನೆಯ ಹೂವೇ ಗೊತ್ತಿರಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆಯೇ ಎದುರು ಮನೆಯ ಡ್ರಿಲ್ ಮಾಸ್ಟರನ್ನು ಕರೆತಂದ. ರಿಟೈರಾಗಿ ಹತ್ತು ವರ್ಷವಾದರೂ ಅವರು ಗಿಡದ ಮುಂದೆಯೂ ಅಟೆನ್ಶನ್‌ನಲ್ಲೇ ನಿಂತರು.

"ಕಾಡು ಶಂಖಪುಷ್ಪ ಕಣಯ್ಯಾ ಇದು."

"ಗ್ಯಾರಂಟಿನಾ ಸಾರ್?"

"ನೂರಕ್ಕೆ ನೂರು! ಆದ್ರೂ ಒಂದು ರೆಂಬೆ ಕೊಡು, ಪುಸ್ತಕದಲ್ಲಿ ನೋಡ್ಬಿಡ್ತೀನಿ."

ಕೇಳಿದ್ದು ಒಂದು ರೆಂಬೆ, ಮುರಿದದ್ದು ಎರಡು. ಮೂರು ಹೂ ಹೋದವು.

ಅಷ್ಟರಲ್ಲಿ ಔಷಧದಂಗಡಿಯ ಕಾಂಪೌಂಡರ್ ಗೇಟು ತಳ್ಳಿಕೊಂಡೇ ಒಳಗೆ ಬಂದ.

"ಶಂಖಪುಷ್ಪಾನಾ? ಯಾವ ಪುಣ್ಯಾತ್ಮ ಹೇಳಿದ್ದು? ನೀಲಿ ಉಮ್ಮತ್ತಿ ಕಣ್ರೀ, ವಿಷ! ಮೊದ್ಲು ಕೈ ತೊಳ್ಕೊಳ್ಳಿ."

ಗಡಿಯಾರದವನು ಎದ್ದೆನೋ ಬಿದ್ದೆನೋ ಎಂದು ಓಡಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಬರುವಷ್ಟರಲ್ಲಿ, ಕಾಂಪೌಂಡರ್ ಪರೀಕ್ಷೆಗೆಂದು ಬರಿಗೈಯಲ್ಲೇ ಇನ್ನೂ ಮೂರು ಹೂ ಕಿತ್ತುಕೊಂಡು ಅಂಗಡಿ ಸೇರಿದ್ದ.

ಬಡಪಾಯಿಯ ತಲೆ ಮೊಸರುಗಡಿಗೆಯಾಯಿತು. ಕೊನೆಗೆ ನಾಚಿಕೆ ಬಿಟ್ಟು ಟೈಲರಮ್ಮನನ್ನೇ ಕೇಳಿದ.

"ಅಯ್ಯೋ ಅಣ್ಣ, ಇಷ್ಟೂ ಗೊತ್ತಾಗಲ್ವಾ? ಗಂಟೆಹೂವಿನ ಜಾತಿ ಇದು. ಇರಿ, ಬೆಳಕಲ್ಲಿ ಹಿಡಿದು ಸರಿಯಾಗಿ ನೋಡ್ತೀನಿ" ಎಂದವಳೇ ಕತ್ತರಿ ತಂದು, ಉಳಿದ ಮೂರನ್ನೂ ಅಳತೆ ತಪ್ಪದಂತೆ ಕತ್ತರಿಸಿಕೊಂಡು ಹೊರಟುಹೋದಳು.

"ಏನ್ರೀ, ಊರಿಗೆಲ್ಲ ಹಂಚಿದ್ದಾಯ್ತಾ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಕಡ್ಡಿ ಇದೆಯಲ್ಲ ಪಮ್ಮಿ" ಎಂದ ಅವನು, ಅಳುವ ದನಿಯಲ್ಲಿ.

ಆಗಲೇ ಎರಡೂ ಮುಕ್ಕಾಲು. ಮೂರು ಹೆಸರಲ್ಲಿ ಯಾವುದು ಬರೆದರೂ ಇನ್ನಿಬ್ಬರಿಗೆ ಸಿಟ್ಟು. ರೋಸಿಹೋಗಿ, ಹೆಂಡತಿಯ ಮುದ್ದಿನ ಹೆಸರಿಗೆ ಒಂದು ಬಾಲ ಅಂಟಿಸಿ 'ಪಮ್ಮಿಫ್ಲೋರಾ' ಎಂದು ಅರ್ಜಿಯಲ್ಲೂ ಕುಂಡದ ಚೀಟಿಯಲ್ಲೂ ಗೀಚಿದ. ಕುಂಡವನ್ನು ಎದೆಗವಚಿಕೊಂಡು ಓಡಿದ.

ಸಭಾಂಗಣದ ಮೇಜಿನ ಮೇಲೆ ಸಾಲಾಗಿ ಮೂರು ಬಾಟಲಿಗಳಿದ್ದವು. ಮೂರರಲ್ಲೂ ಇದ್ದದ್ದು ಅವನದೇ ಹೂ. ಒಂದರ ಮೇಲೆ ಕಾಡು ಶಂಖಪುಷ್ಪ, ಒಂದರ ಮೇಲೆ ನೀಲಿ ಉಮ್ಮತ್ತಿ, ಇನ್ನೊಂದರ ಮೇಲೆ ಗಂಟೆಹೂ ಎಂಬ ಚೀಟಿ. ಹಿಂದೆ ಮೂವರು ಮಾಲೀಕರು ಕೈಕಟ್ಟಿ ನಿಂತಿದ್ದರು.

"ಸಾರ್, ಅದೆಲ್ಲ ನಂದು!" ಎಂದು ಕೂಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತೀರ್ಪುಗಾರರು ಒಂದೇ ಹೂವಿಗೆ ಮೂರು ಚೀಟಿ ನೋಡಿ ಬೆವರುತ್ತಿದ್ದರು. ತಜ್ಞರೆಂದು ಕರೆಸಿಕೊಂಡವರು 'ಗೊತ್ತಿಲ್ಲ' ಅನ್ನುವುದು ಹೇಗೆ? ಆಗ ಕಣ್ಣಿಗೆ ಬಿತ್ತು ನಾಲ್ಕನೆಯ ಚೀಟಿ. ಮುಖ ಅರಳಿತು.

"ಪಮ್ಮಿಫ್ಲೋರಾ! ಭೇಷ್! ಸರಿಯಾಗಿ ಗುರುತಿಸಿದ್ದು ಇವರೊಬ್ರೇ. ಮೂವತ್ತು ವರ್ಷದಿಂದ ನೋಡ್ತಿದ್ದೀನಿ ನಾನು ಈ ಪಮ್ಮಿಫ್ಲೋರಾನ."

"ನಂಗೂ ಹಾಗೇ ಅನ್ನಿಸ್ತಿತ್ತು" ಎಂದರು ಡ್ರಿಲ್ ಮಾಸ್ಟರು.

ಗಡಿಯಾರದವನು ಮೇಜಿನ ಹತ್ತಿರ ಸರಿದ. ಕೈ ತಾನಾಗಿ ಕಪ್ಪಿನ ಕಡೆ ಚಾಚಿತು.

"ಹೂವಿಲ್ಲದ ಕಡ್ಡಿಗೆ ಕಪ್ ಕೊಡೋಕಾಗಲ್ಲ, ಅದು ಚೆಂದಾಗಿ ಜೋಡಿಸಿದ ಟೈಲರಮ್ಮನಿಗೇ" ಎಂದರು ತೀರ್ಪುಗಾರರು. "ಆದ್ರೆ ಇಂಥ ಜ್ಞಾನೀನ ಸುಮ್ನೆ ಬಿಡೋದುಂಟಾ? ನಂಗೂ ವಯಸ್ಸಾಯ್ತು. ಮುಂದಿನ ವರ್ಷದಿಂದ ಇವರೇ ನಿಮ್ಮ ಕಾಯಂ ತೀರ್ಪುಗಾರರು!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಟೈಲರಮ್ಮ. ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿರ ಬಂದಳು.

"ನಿಯಮ ಗೊತ್ತಲ್ಲ ಅಣ್ಣ? ತೀರ್ಪುಗಾರರಾದವರು ಇನ್ಯಾವತ್ತೂ ಸ್ಪರ್ಧೆಗೆ ನಿಲ್ಲೋ ಹಾಗಿಲ್ಲ."