ನಾಲ್ಕು ಮಾತಿನ ಪರಿಚಯ

"ನಾಲ್ಕೇ ಮಾತು. ಐದನೇ ಮಾತಿಗೆ ಬಾಯಿ ತೆರೆದ್ರೆ ನನ್ನ ಹೆಸರು ಬದಲಾಯಿಸು."

ಕನ್ನಡಿಯ ಮುಂದೆ ನಿಂತು ಕಾಲರ್ ಸರಿಮಾಡಿಕೊಳ್ಳುತ್ತಾ ಈ ಘನಘೋರ ಪ್ರತಿಜ್ಞೆ ಮಾಡಿದವನ ಹೆಸರನ್ನು ಜನ ಆಗಲೇ ಬದಲಾಯಿಸಿಯಾಗಿತ್ತು. ಪದಕೋಶದ ಕಚೇರಿಯಲ್ಲಿ ಉಪಸಂಪಾದಕನಾಗಿದ್ದ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ನಿಘಂಟು ಅಂತಲೇ. ದಿನಬಳಕೆಯ ಮಾತುಗಳು ಸಂಗೀತ, ನಾಟಕ, ಚಿತ್ರಕಲೆಗಳಿಗೆ ಹೋಗಿ ಏನೇನು ಅರ್ಥ ಪಡೆಯುತ್ತವೆ ಎಂದು ಹುಡುಕಿ ಬರೆಯುವುದು ಅವನ ಕೆಲಸ. ಸಂಜೆ ಕಚೇರಿಯ ಬಾಗಿಲು ಹಾಕಿದ ಕೂಡಲೇ ಆ ಕೆಲಸ ಮುಗಿಯಬೇಕಿತ್ತು. ಎಲ್ಲಿ ಮುಗಿಯುತ್ತೆ! ಅವನ ಜೊತೆಗೇ ಬಸ್ಸು ಹತ್ತಿ ಮನೆಗೆ ಬರುತ್ತಿತ್ತು. "ಈ ಅಂಗಿಯ ಬಣ್ಣ ಹೋಗಿದೆ, ಬೇರೆ ಹಾಕ್ಕೊಳ್ಳಿ" ಎಂದು ಹೆಂಡತಿ ಹೇಳಿದರೆ, ಬಣ್ಣ ಎಂಬ ಮಾತಿಗೆ ನಾಟಕದವರು ಏನನ್ನುತ್ತಾರೆ, ಚಿತ್ರಗಾರರು ಏನನ್ನುತ್ತಾರೆ ಎಂಬ ಪುರಾಣ ಶುರು. ಪುರಾಣ ಮುಗಿಯುವ ಹೊತ್ತಿಗೆ ಬಸ್ಸು ತಪ್ಪಿರುತ್ತಿತ್ತು, ಅಂಗಿ ಅದೇ ಇರುತ್ತಿತ್ತು.

ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಮದುವೆಗೆ ಮುಂಚೆ ಬಲು ಚೆನ್ನಾಗಿ ಹಾಡುತ್ತಿದ್ದಳಂತೆ. ಆಮೇಲೆ ಗಂಡ, ಮಗಳು, ಅತ್ತೆ, ಕೌಂಟರು, ಒಲೆ ಎಂದು ಒಂದೊಂದೇ ಬಂದು ಕೂತು ಹಾಡಿಗೆ ಜಾಗವೇ ಉಳಿಯಲಿಲ್ಲ. ಮಗಳು ಮದುವೆಯಾಗಿ ಹೋದ ಮೇಲೆ ಹಾಡಿನ ಮೇಷ್ಟರೊಬ್ಬರ ಕೈಕಾಲು ಹಿಡಿದು ಮತ್ತೆ ಕಲಿಯಲು ಹೊರಟಳು. ಬೆಳಗಿನ ಹೊತ್ತು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ. ಬಾಗಿಲು ತೆರೆದಿಟ್ಟರೆ ನಿಘಂಟು ಬಂದು ಹೊಸಿಲ ಮೇಲೆ ನಿಂತು, ಅವಳು ಹಾಡಿದ ಮಾತಿಗೆ ಇನ್ನೂ ಎಷ್ಟು ಅರ್ಥವಿದೆ ಗೊತ್ತಾ ಎಂದು ಕೇಳುತ್ತಿದ್ದ.

ಅಂಥವಳಿಗೆ ವಾಚನಾಲಯದ ಮಹಡಿಯ ಸಭಾಂಗಣದಲ್ಲಿ ಒಂದು ಭಾನುವಾರ ಸಂಜೆ ಹಾಡಲು ಅವಕಾಶ ಸಿಕ್ಕಿತು. ಜನರ ಮುಂದೆ ಹಾಡಿ ಇಪ್ಪತ್ತೈದು ವರ್ಷವಾಗಿತ್ತು. ಅವಳು ತಾನೇ ಬರೆದು ರಾಗ ಹಾಕಿದ ಒಂದು ಹಾಡೂ ಇತ್ತು, ಕೊನೆಗೆ ಹಾಡಬೇಕೆಂದು ಇಟ್ಟುಕೊಂಡಿದ್ದಳು. ಸಾಮಾನ್ಯವಾಗಿ ಅಲ್ಲಿ ಕಾರ್ಯದರ್ಶಿಗಳು ಹಾಡುವವರ ಹೆಸರು ಹೇಳಿ ಕೂತುಬಿಡುತ್ತಾರೆ. ಗುಂಡುಕಲ್ಲಿನ ಹಾಗೆ ಗಂಡ ಇರುವಾಗ ಕಂಡವರ ಬಾಯಲ್ಲಿ ಪರಿಚಯವೇ ಎಂದು ನಿಘಂಟು ಹಟ ಹಿಡಿದ. ಅವಳು ಬೇಡವೆಂದಳು, ಬೇಡಿಕೊಂಡಳು, ಕೊನೆಗೆ ಸುಮ್ಮನಾದಳು. ಆಗಲೇ ಆ ಪ್ರತಿಜ್ಞೆ ಹೊರಬಂದದ್ದು.

ಮೊದಲ ಮೂರು ಮಾತು ಮುತ್ತಿನ ಹಾಗೆ ಬಂದವು. ಹೆಸರು, ಕೆಲಸ, ಕಲಿಸಿದ ಮೇಷ್ಟರು. ಹೆಂಡತಿ ವೇದಿಕೆಯ ಪಕ್ಕದಲ್ಲಿ ಸೆರಗು ಸರಿಮಾಡಿಕೊಂಡಳು. ಪಿಟೀಲಿನವರು ಕಮಾನು ಎತ್ತಿದರು. ನಾಲ್ಕನೆಯ ಮಾತಿಗೆ ನಿಘಂಟು, "ಇವತ್ತು ಇವರು ತಾವೇ ಕಟ್ಟಿದ ಒಂದು ಹಾಡನ್ನೂ ಹಾಡ್ತಾರೆ" ಎಂದ. ಅಷ್ಟಕ್ಕೆ ಕೂತಿದ್ದರೆ ಅವನು ದೇವರಾಗುತ್ತಿದ್ದ. ಆದರೆ 'ಕಟ್ಟಿದ' ಎಂಬ ಮಾತು ನಾಲಿಗೆಗೆ ತಾಗಿದ್ದೇ ತಡ, ಅವನ ಕಣ್ಣು ಅರಳಿತು.

"ಕಟ್ಟೋದು! ನೋಡಿ, ಎಂಥಾ ಮಾತು ನಮ್ಮದು!"

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅವಳಿಗೆ ಗೊತ್ತಾಗಿಹೋಯಿತು.

ಮನೆ ಕಟ್ಟುತ್ತೇವೆ, ಮೂಟೆ ಕಟ್ಟುತ್ತೇವೆ. ಕವಿ ಪದ ಕಟ್ಟುತ್ತಾನೆ, ನಟ ವೇಷ ಕಟ್ಟುತ್ತಾನೆ, ಕುಣಿಯುವವಳು ಗೆಜ್ಜೆ ಕಟ್ಟುತ್ತಾಳೆ, ಚಿತ್ರಗಾರ ಚಿತ್ರಕ್ಕೆ ಕಟ್ಟು ಹಾಕಿಸುತ್ತಾನೆ, ಕೆಲಸಗಳ್ಳ ಕಥೆ ಕಟ್ಟುತ್ತಾನೆ. ಒಂದೊಂದಕ್ಕೂ ಒಂದು ಉದಾಹರಣೆ, ಉದಾಹರಣೆಗೊಂದು ಉಪಕಥೆ, ಉಪಕಥೆಗೊಂದು ಬಾಲ. ಸಭೆಯಲ್ಲಿ ನಾಲ್ಕು ಜನ ನಕ್ಕರು. ಆ ನಗು ಕೇಳಿ ನಿಘಂಟುವಿಗೆ ಆನೆಬಲ ಬಂತು.

ಹೆಂಡತಿ ಎದ್ದು ಬಂದು ಅವನ ಮುಂದೆ ಒಂದು ಲೋಟ ನೀರಿಟ್ಟಳು. ಮನೆಯಲ್ಲಿ ನೆಂಟರು ಆಕಳಿಸತೊಡಗಿದಾಗ ಅವಳು ಹೀಗೇ ನೀರು ತಂದಿಡುತ್ತಿದ್ದಳು, ಸಾಕು ನಿಲ್ಲಿಸಿ ಎಂದು ಅದರ ಅರ್ಥ. ಜಗತ್ತಿನ ಮಾತುಗಳಿಗೆಲ್ಲ ಅರ್ಥ ಬರೆಯುವ ಗಂಡನಿಗೆ ಇದೊಂದು ಮಾತ್ರ ಹೊಳೆದಿರಲಿಲ್ಲ. ಎಷ್ಟು ಕಾಳಜಿ ನನ್ನವಳಿಗೆ ಎಂದುಕೊಂಡು ಗಟಗಟ ಕುಡಿದು, ಹೊಸ ಹುರುಪಿನಿಂದ ಮುಂದುವರಿಸಿದ. ಅವಳು ಮತ್ತೊಂದು ಲೋಟ ತಂದಳು. ಅದನ್ನೂ ಕುಡಿದ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಡ್ರಾಯಿಂಗ್ ಮೇಷ್ಟರೊಬ್ಬರು ಎದ್ದು, ಚಿತ್ರಕ್ಕೆ ಕಟ್ಟು ಹಾಕುವುದು ಬಡಗಿಯ ಕೆಲಸ, ಅದನ್ನು ಕಲೆಯ ಲೆಕ್ಕಕ್ಕೆ ಸೇರಿಸಿದ್ದು ತಪ್ಪು ಎಂದರು. ಉರಿಯುವ ಬೆಂಕಿಗೆ ಎಣ್ಣೆ! ನಿಘಂಟು ಬಡಗಿಯ ಪರ ವಹಿಸಿದ. ಮೇಷ್ಟರು ಬಿಡಲಿಲ್ಲ, ಇವನೂ ಬಿಡಲಿಲ್ಲ. ನಡುವೆ ಹವ್ಯಾಸಿ ನಾಟಕದವರೊಬ್ಬರು ವೇಷ ಕಟ್ಟುವುದಲ್ಲ, ವೇಷ ಹಾಕುವುದು ಎಂದು ಮೂರನೆಯ ರಂಗ ತೆರೆದರು. ಮುಂದಿನ ಸಾಲಿನಲ್ಲಿ ನಿಘಂಟುವಿನ ಅಮ್ಮ ನಿದ್ದೆ ಹೋಗಿದ್ದರು. ಪಿಟೀಲಿನವರಿಗೆ ಬೇರೆಲ್ಲೋ ನುಡಿಸುವುದಿತ್ತು. ಅವರು ಗಡಿಯಾರ ನೋಡಿ, ಹೆಂಡತಿಗೆ ಕೈಮುಗಿದು, ಪಿಟೀಲನ್ನು ಪೆಟ್ಟಿಗೆಗೆ ಸೇರಿಸಿ ಇಳಿದುಹೋದರು.

ಕೊನೆಗೆ ನಿಘಂಟುವನ್ನು ನಿಲ್ಲಿಸಿದ್ದು ಕರಾಟೆ. ಸಂಜೆಯ ಕರಾಟೆ ಕ್ಲಾಸಿಗೆ ಸಭಾಂಗಣ ಬಿಟ್ಟುಕೊಡುವ ಹೊತ್ತಾಗಿತ್ತು. ಬಿಳಿ ಬಟ್ಟೆಯ ಮಕ್ಕಳು ಬಾಗಿಲಲ್ಲಿ ನಿಂತು ಗಾಳಿಗೆ ಗುದ್ದುತ್ತಿದ್ದರು. ಕಾರ್ಯದರ್ಶಿಗಳು ಓಡಿಬಂದು, ಅಮ್ಮಾ, ಎರಡು ನಿಮಿಷದಲ್ಲಿ ಒಂದು ಹಾಡು ಹೇಳಿಬಿಡಿ ಎಂದು ಹೆಂಡತಿಯನ್ನು ಕೇಳಿಕೊಂಡರು.

ಅವಳು ಮೈಕಿನ ಮುಂದೆ ಕೂತಳು. ಬಾಯಿ ತೆರೆದಳು. ಸ್ವರ ಬರಲಿಲ್ಲ, ಗಂಟಲು ಕಟ್ಟಿತ್ತು. ಎಲ್ಲರ ಮುಂದೆ ಕಣ್ಣಲ್ಲಿ ನೀರು ತುಂಬಿಕೊಂಡು, ನಮಸ್ಕಾರ ಮಾಡಿ ಎದ್ದುಬಿಟ್ಟಳು. ಹೊಟ್ಟೆ ಉರಿಯುವ ವಿಷಯವೆಂದರೆ, ಅದನ್ನು ನೋಡಿದಾಗ ನಿಘಂಟುವಿಗೆ ಮೊದಲು ಅನ್ನಿಸಿದ್ದು, ಅಯ್ಯೋ, ಗಂಟಲು ಕಟ್ಟುವುದನ್ನು ಹೇಳಲು ಮರೆತೆನಲ್ಲ ಎಂದು. ಎರಡನೆಯದಾಗಿ ಅನ್ನಿಸಿದ್ದು ನಾಚಿಕೆ. ಆದರೆ ಅದು ಎರಡನೆಯದಾಗಿಯೇ ಬಂತು.

ಮೆಟ್ಟಿಲಿಳಿಯುವಾಗ ಜನ ಅವನ ಕೈ ಕುಲುಕಿ, ಭಾಷಣ ಬಹಳ ಚೆನ್ನಾಗಿತ್ತು ಎಂದರು. ಹೆಂಡತಿ ಎರಡು ಮೆಟ್ಟಿಲು ಹಿಂದೆ ಬರುತ್ತಿದ್ದಳು.

ಮನೆಗೆ ಬಂದ ಮೇಲೆ ಅವನು ಕ್ಷಮೆ ಕೇಳಿದ. ಚಪ್ಪಲಿ ಬಿಡುತ್ತಾ ಕೇಳಿದ, ಕೈಕಾಲು ತೊಳೆಯುತ್ತಾ ಕೇಳಿದ. ತಪ್ಪು ಎಲ್ಲಿ ಶುರುವಾಯಿತು, ಹೇಗೆ ಬೆಳೆಯಿತು, ಡ್ರಾಯಿಂಗ್ ಮೇಷ್ಟರ ಪಾಲು ಅದರಲ್ಲಿ ಎಷ್ಟು ಎಂದು ಬಿಡಿಸಿ ಬಿಡಿಸಿ ಹೇಳಿದ. ಅವಳು ತಟ್ಟೆ ಇಡುತ್ತಿದ್ದಳು.

"ಈಗ್ಲೂ ನೀವೇ ಮಾತಾಡ್ತಿದ್ದೀರಲ್ಲ" ಎಂದಳು.

ಅಂದಿನಿಂದ ಅಡುಗೆಮನೆಯ ಬಾಗಿಲು ತೆರೆದೇ ಇರುತ್ತಿತ್ತು, ಒಳಗೆ ಹಾಡಿರಲಿಲ್ಲ. ನಿಘಂಟು ಹೊಸಿಲ ತನಕ ಬರುತ್ತಿದ್ದ, ಹೇಳಲು ಏನೂ ಸಿಗದೆ ಹಿಂದಿರುಗುತ್ತಿದ್ದ. ಮನೆ ಬಿಕೋ ಎನ್ನುತ್ತಿತ್ತು. ಹೀಗೇ ಎರಡು ತಿಂಗಳು ಕಳೆದವು. ಒಂದು ದಿನ ಊಟ ಬಡಿಸುತ್ತಾ ಅವಳೇ ಬಾಯಿ ಬಿಟ್ಟಳು.

"ಬರೋ ಭಾನುವಾರ ಹಾಡ್ತಿದ್ದೀನಿ. ಬೇರೆ ಬಡಾವಣೆ, ಬೇರೆ ಜನ."

ನಿಘಂಟುವಿಗೆ ಹೋದ ಜೀವ ಬಂದಂತಾಯಿತು. "ಒಳ್ಳೇದಾಯ್ತು. ನಾನೇನು ಮಾಡ್ಲಿ, ಹೇಳು. ಏನು ಹೇಳಿದ್ರೂ ಮಾಡ್ತೀನಿ."

"ಮನೇಲಿರಿ."

ಇದ್ದ. ಭಾನುವಾರ ಅತ್ತೆ ಸೊಸೆ ಇಬ್ಬರೂ ಹೊರಟುಹೋದ ಮೇಲೆ ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಕಿಟಕಿಗೆ ಓಡಾಡಿದ. ಗೋಡೆಗೆ ಏನಾದರೂ ವಿವರಿಸೋಣವೆಂದರೆ ಮನಸ್ಸು ಬರಲಿಲ್ಲ. ಕತ್ತಲಾದ ಮೇಲೆ ಇಬ್ಬರೂ ಬಂದರು. ಹೆಂಡತಿಯ ಮುಖ ಕೆಂಪಾಗಿತ್ತು, ಅವಳು ನೇರವಾಗಿ ಒಳಗೆ ಹೋದಳು. ನಿಘಂಟು ಅಮ್ಮನ ಪಕ್ಕ ಕೂತು, ಪರಿಚಯ ಯಾರು ಮಾಡಿದರು ಎಂದು ಮೆಲ್ಲಗೆ ಕೇಳಿದ.

"ಯಾರೂ ಇಲ್ಲ. ಬಂದ್ಲು, ಕೂತ್ಲು, ಹಾಡಿದ್ಲು."

"ಅವಳದೇ ಹಾಡು? ಅದಕ್ಕಾದ್ರೂ ಯಾರೋ ಒಬ್ಬರು ಅರ್ಥ ಹೇಳ್ಬೇಡ್ವಾ? ಜನಕ್ಕೆ ಹೇಗಮ್ಮ ಗೊತ್ತಾಗತ್ತೆ?"



"ಗೊತ್ತಾಯ್ತು ಕಣೋ. ಒಬ್ಬಳು ಹೆಂಗಸು, ಅವಳ ಮಾತು ಕೇಳೋರು ಮನೇಲಿ ಯಾರೂ ಇಲ್ಲ, ಅಷ್ಟೇ ಹಾಡು. ಮುಗಿದ ಮೇಲೆ ಪಕ್ಕದಲ್ಲಿ ಕೂತಿದ್ದವಳು ಕಣ್ಣೊರೆಸ್ಕೊಂಡು, ಪಾಪ, ಇವರಿಗೆ ಗಂಡ ಹೋಗಿ ಎಷ್ಟು ವರ್ಷ ಆಯ್ತು ಅಂತ ಕೇಳಿದ್ಲು."

"ನೀನೇನಂದೆ?"

"ಇದ್ದಾನಮ್ಮ, ನನ್ನ ಮಗನೇ ಅಂದೆ. ಅದಕ್ಕವಳು 'ಅಯ್ಯೋ ಪಾಪ' ಅಂತ ಇನ್ನೂ ಜೋರಾಗಿ ಅತ್ತುಬಿಟ್ಲು."

'ಅಯ್ಯೋ ಪಾಪ' ಎಂಬ ಮಾತಿಗೆ ಎಷ್ಟು ಅರ್ಥವಿದೆ ಎಂದು ನಿಘಂಟು ಅವತ್ತು ಯಾರಿಗೂ ಹೇಳಲಿಲ್ಲ.