ಒಂದು ಸಮುದ್ರ ಕಮ್ಮಿ

ದೊಡ್ಡವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಅಂಥ ಕಷ್ಟವಲ್ಲ. ಅವರೂ ನಾಕಾರು ತಪ್ಪು ಮಾಡಿ ಪಳಗಿದವರು. "ಇರ್ಲಿ ಬಿಡ್ರಿ, ಆಗ್ತಾವು" ಅಂತ ಚಹಾ ಕುಡಿಸಿ ಕಳಿಸುತ್ತಾರೆ. ಆದರೆ ಒಂಬತ್ತು ವರ್ಷದ ಹುಡುಗಿಯ ಮುಂದೆ ನಿಂತು "ತಪ್ಪು ನಂದವ್ವಾ" ಅನ್ನುವುದಿದೆಯಲ್ಲ, ಅದರ ಮಾತೇ ಬೇರೆ. ಅದಕ್ಕೆ ಬೇಕಾದ ಎದೆ ನನಗಿಲ್ಲ ಅಂತ ಗೊತ್ತಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಹೇಳಿಕೊಳ್ಳಲು ನಾಚಿಕೆ. ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ.

ನಾನು ವಾರಕ್ಕೆ ಆರು ದಿನ ಸರ್ಕಾರಿ ಕಚೇರಿಯ ಗುಮಾಸ್ತ, ಭಾನುವಾರ ಮುಂಜಾನೆ ಮಾತ್ರ ಮಾಸ್ತರ. ದಿಲ್‌ಸುಖ್‌ನಗರದಲ್ಲಿ ಪುಣ್ಯಾತ್ಮರೊಬ್ಬರು ತಮ್ಮ ಮನೆಯ ಮೇಲಿನ ದೊಡ್ಡ ಕೋಣೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ನಮ್ಮ ಕಡೆಯವರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ತೆಲುಗು, ಆಟೋದವನ ಸಂಗಡ ಹಿಂದಿ. ಹೀಗಾಗಿ ಈ ಮಕ್ಕಳ ಕನ್ನಡಕ್ಕೆ ಉಳಿಯುವುದು ಊರಲ್ಲಿರುವ ಅಜ್ಜಿಯ ಫೋನು ಒಂದೇ. ನಾನು ಪಾಠ ಹೇಳುತ್ತೇನೆ, ನನ್ನ ಹೆಂಡತಿ ಸರೋಜಾ ಪಾಠ ಮುಗಿದ ಮೇಲೆ ಒಗ್ಗರಣೆ ಅವಲಕ್ಕಿ ಹಂಚುತ್ತಾಳೆ. ಮಕ್ಕಳು ಬರುವುದು ಇವೆರಡರಲ್ಲಿ ಯಾವುದಕ್ಕೆ ಎಂದು ನಾನು ವಿಚಾರಿಸಲು ಹೋಗಿಲ್ಲ.

ಈ ವರ್ಷ ಗಂಗಾ ಎಂಬ ಹುಡುಗಿ ಹೊಸದಾಗಿ ಸೇರಿದಳು. ಕರೆತಂದ ಅವಳ ತಾಯಿ ನನ್ನನ್ನು ಬಾಗಿಲ ಹತ್ತಿರ ಕರೆದು ಹೇಳಿದ್ದರು: "ಕಲಬುರಗಿಯಿಂದ ನಮ್ಮತ್ತಿ ಫೋನ್ ಮಾಡಿದ್ರ ಇಕಿ ಹೂಂ, ಉಹೂಂ ಅಷ್ಟ ಅಂತಾಳ್ರಿ ಸರ್. ಅವರು ಫೋನ್ ಇಟ್ಟು ಅಳ್ತಾರಂತ. ನಾಕು ಮಾತು ಬಂದ್ರ ಸಾಕ್ರಿ." ನಾನು ಮೀಸೆಯಡಿ ನಕ್ಕು, "ನನ್ನ ಮ್ಯಾಲೆ ಬಿಡ್ರಿ" ಅಂದೆ. ಬಿಟ್ಟರು, ಪಾಪ.

ನನಗೊಂದು ಹುಚ್ಚು ಇದೆ. ಸುಳಿವು ಕೊಟ್ಟು ಸಂಖ್ಯೆ ಕಂಡುಹಿಡಿಸುವ ಒಗಟು ಕಟ್ಟುವುದು. ಮೊದಲ ಎರಡು ಸುಳಿವು ಗಣಿತದ್ದು, ಮೂರನೆಯದು ಕಥೆಯದು. ಉದಾಹರಣೆಗೆ ಅವತ್ತು ಕೇಳಿದ್ದು: "ನಾನು ಐದಕ್ಕಿಂತ ದೊಡ್ಡವನು. ಎಂಟಕ್ಕಿಂತ ಸಣ್ಣವನು. ಹೋದ ವಾರದ ಕಥೆಯಲ್ಲಿ, ರಾಕ್ಷಸನ ಜೀವ ಇದ್ದ ಗಿಳಿ ತರಲು ರಾಜಕುಮಾರ ನನ್ನಷ್ಟು ಸಮುದ್ರ ದಾಟಿದ. ನಾನು ಯಾರು?" ಲೆಕ್ಕ ಬಂದವರು ಆರು ಅಥವಾ ಏಳರ ತನಕ ಬರುತ್ತಾರೆ, ಕಥೆ ಕೇಳಿದವರು ಮಾತ್ರ ಗುರಿ ಮುಟ್ಟುತ್ತಾರೆ. ಎಂಥಾ ತಲೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

"ಏಳೂ!" ಅಂತ ಮಕ್ಕಳೆಲ್ಲ ಕೂಗಿದರು. ಗಂಗಾ ಒಬ್ಬಳೇ ಎದ್ದು ನಿಂತು, ಕಣ್ಣು ಮುಚ್ಚಿ, ಬೆರಳು ಮಡಚಿ ಎಣಿಸಿ, ಮೆಲ್ಲಗೆ "ಆರು ಸರ್" ಅಂದಳು. ನಾನೇನು ಕಮ್ಮಿಯೇ? "ಕಥಿ ಕೇಳುವಾಗ ಕಿವಿ ಎಲ್ಲಿ ಇಟ್ಟಿದ್ದಿ ತಂಗಿ? ಅವಲಕ್ಕಿ ಬುಟ್ಟ್ಯಾಗೇನು?" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಮುಖ ಸಣ್ಣದು ಮಾಡಿಕೊಂಡು ಕೂತಳು. ಬಹುಮಾನದ ಕಂಪಾಸ್ ಪೆಟ್ಟಿಗೆ ಎಲ್ಲರಿಗಿಂತ ಮೊದಲು ಕೂಗಿದ ಗಚ್ಚಿಬೌಲಿಯ ಹುಡುಗಿಗೆ ಹೋಯಿತು. ಅವಳು ಹಿಂದಿನ ವಾರ ಕ್ಲಾಸಿಗೇ ಬಂದಿರಲಿಲ್ಲ ಎಂಬುದು ನನಗೆ ಆಮೇಲೆ ನೆನಪಾಯಿತು.

ಮನೆಗೆ ಹೋಗುವ ಮೆಟ್ರೋದಲ್ಲಿ ಸರೋಜಾ ಖಾಲಿ ಅವಲಕ್ಕಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿ ಕೂತಳು. ಲಕ್ಷಣ ಚಲೋ ಅಲ್ಲ ಅನ್ನಿಸಿತು. ರೈಲು ಬಿಡುತ್ತಲೇ ಶುರು ಮಾಡಿದಳು.

"ಆ ಕೂಸು ಹೇಳಿದ್ದು ಖರೇನ ಐತ್ರಿ. ಹೋದ ವಾರ ನೀವು ಹೇಳಿದ್ದು ಆರ ಸಮುದ್ರ. ಉಪ್ಪಿಂದು, ಕಬ್ಬಿನಹಾಲಿಂದು, ತುಪ್ಪದ್ದು, ಮೊಸರಿಂದು, ಹಾಲಿಂದು, ಸೀನೀರಿಂದು. ಹೆಂಡದ್ದು ಎಲ್ಲಿ ಹೋತು?"

ಹೌದು. ನಮ್ಮಜ್ಜಿ ಹೇಳುತ್ತಿದ್ದ ಏಳರಲ್ಲಿ ಮೂರನೆಯದು ಹೆಂಡದ ಸಮುದ್ರ. ಅಲ್ಲಿಗೆ ಬಂದಾಗ ತಲೆ ಎತ್ತಿದೆ. ಹಿಂದಿನ ಸಾಲಿನಲ್ಲಿ ಮಕ್ಕಳ ತಾಯಂದಿರು ಕೂತಿದ್ದರು. ಮರ್ಯಾದಸ್ಥ ನಾನು, ರಾಜಕುಮಾರನನ್ನು ಕಬ್ಬಿನಹಾಲಿನಿಂದ ಎತ್ತಿ ನೆಟ್ಟಗೆ ತುಪ್ಪದಲ್ಲಿ ಇಳಿಸಿಬಿಟ್ಟಿದ್ದೆ. ಮನೆಗೆ ಬರುವಷ್ಟರಲ್ಲಿ ಅದು ಮರೆತೂ ಹೋಗಿತ್ತು.

"ಜನ್ಮದಾಗ ಒಂದು ತೊಟ್ಟು ಮುಟ್ಟದವರು, ಒಂದು ಸಮುದ್ರಾನ ಗುಟುಕರಿಸಿಬಿಟ್ರಲ್ರೀ!" ಅಂದಳು ಸರೋಜಾ. ಪಕ್ಕದ ಸೀಟಿನವರು ನನ್ನಿಂದ ಸ್ವಲ್ಪ ಸರಿದು ಕೂತರು.

ಮುಂದಿನ ಭಾನುವಾರ ಒಪ್ಪಿಕೊಂಡರಾಯಿತು ಅಂದುಕೊಂಡೆ. ಗಂಗಾ ಬರಲಿಲ್ಲ. ಫೋನ್ ಮಾಡಿದರೆ ಅವಳ ತಾಯಿ, "ನನಗ ಕನ್ನಡ ಕಥಿ ತಿಳಿಯಂಗಿಲ್ಲ, ನಾ ಹೋಗಂಗಿಲ್ಲ ಅಂತಾಳ್ರಿ ಸರ್. ಅಜ್ಜಿ ಫೋನಿಗೂ ಬರವಲ್ಲಳು" ಅಂದರು. ನನಗೆ ಭಾಳ ಕೆಟ್ಟನಿಸಿತು. ಇಡೀ ಕ್ಲಾಸಿನಲ್ಲಿ ನನ್ನ ಕಥೆಯನ್ನು ಕಿವಿಗೊಟ್ಟು ಕೇಳಿದ್ದು ಅವಳೊಬ್ಬಳು. ಅವಳಿಗೇ ಕಿವಿ ಇಲ್ಲ ಅಂದವನು ನಾನು.

ಇನ್ನೊಂದು ಕಂಪಾಸ್ ಪೆಟ್ಟಿಗೆ ಕೊಂಡು, ಅವತ್ತೇ ಸಂಜೆ ಅವರ ಮನೆಗೆ ಹೋದೆ. ಗಂಗಾ ಬಾಗಿಲ ಪರದೆ ಹಿಡಿದು ನಿಂತಿದ್ದಳು. "ತಪ್ಪು ನಂದವ್ವಾ. ನಾ ಹೇಳಿದ್ದು ಆರ ಸಮುದ್ರ. ನೀ ಸರಿ ಎಣಿಸಿದ್ದಿ" ಅಂದೆ. ಅಲ್ಲಿಗೆ ಮುಗಿದಿದ್ದರೆ ನಾನೂ ದೊಡ್ಡ ಮನುಷ್ಯನೇ. ಅವಳ ಮುಖ ಅರಳಿತು, ಆದರೆ ಬಾಯಿಯೂ ಬಿಚ್ಚಿತು: "ಹಂಗಾರ ಇನ್ನೊಂದು ಯಾವ ಸಮುದ್ರರಿ ಸರ್?"

ಅಷ್ಟೊತ್ತಿಗೆ ಅವಳ ತಾಯಿ ಚಹಾ ಹಿಡಿದು ಬಂದರು. ಹಿಂದೆಯೇ ತಂದೆ. ಇಬ್ಬರೂ ನನ್ನನ್ನೇ ಭಕ್ತಿಯಿಂದ ನೋಡಿದರು.

"ಅದು... ಶರಬತ್ತಿನ ಸಮುದ್ರವ್ವಾ."

"ಯಾವ ಶರಬತ್ತು?"

"ನಿಂಬಿಹಣ್ಣಿಂದು" ಅಂದು ಚಹಾ ಬಿಸಿಬಿಸಿಯಾಗಿಯೇ ಗಂಟಲಿಗೆ ಸುರಿದುಕೊಂಡು ಎದ್ದೆ.

ಮರುವಾರ ಗಂಗಾ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ತಾಯಂದಿರೂ ಬಂದಿದ್ದರು. ನಾನು ಹಾಜರಿ ಕರೆಯುವ ಮೊದಲೇ ಎದ್ದಳು. "ಸರ್, ಅಜ್ಜಿಗೆ ಫೋನ್‌ನಾಗ ಪೂರಾ ಕಥಿ ಹೇಳಿದೆ. ನಿಂಬಿಹಣ್ಣು ಅಂದ ಕೂಡ್ಲೆ ಅಜ್ಜಿ ಭಾಳ ನಕ್ಕಳು. ಅದು ಸೇಂದಿ ಸಮುದ್ರ ಅಂತ, ನಿಮ್ಮ ಮಾಸ್ತರಗ ನಾಚಿಕಿ ಬಂದಿರಬೇಕು ಅಂದಳು. ಸೇಂದಿ ನನಗ ಗೊತ್ತೈತಿ ಸರ್, ನಮ್ಮ ಬಸ್‌ಸ್ಟಾಪ್ ಬಾಜೂಕ ಅಂಗಡಿ ಐತಿ." ಇಷ್ಟೂ ಕನ್ನಡ, ಒಂದೇ ಉಸಿರಿನಲ್ಲಿ. ಹಿಂದಿನ ಸಾಲಿನ ತಾಯಂದಿರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಸರೋಜಾ ಅಂತೂ ಅವಲಕ್ಕಿ ಬುಟ್ಟಿಯೊಳಗೇ ಮುಖ ಇಟ್ಟಿದ್ದಳು.

"ನಾನೂ ಒಂದು ಒಗಟು ಮಾಡೀನಿ ಸರ್" ಅಂದಳು ಗಂಗಾ. "ನಾನು ಸಮ ಸಂಖ್ಯೆ. ಮೂರಕ್ಕಿಂತ ಸಣ್ಣದು. ಸಮುದ್ರದ ವಿಷಯದಾಗ ನಮ್ಮ ಸರ್ ನನ್ನಷ್ಟು ಸಲ ಸುಳ್ಳು ಹೇಳ್ಯಾರ. ನಾನು ಯಾರು?"

ಎಲ್ಲರೂ ನನ್ನನ್ನೇ ನೋಡಿದರು. ಸೊನ್ನೆಯೂ ಸಮ ಸಂಖ್ಯೆಯೇ, ಮೂರಕ್ಕಿಂತ ಸಣ್ಣದೂ ಹೌದು. ಮೊದಲ ಎರಡು ಸುಳಿವಿಗೆ ಅದೂ ಕೂತುಕೊಳ್ಳುತ್ತದೆ. ಹಾಗೆ ಅಂದು ಪಾರಾಗಿಬಿಡಲೇ ಅಂತ ಮಾತು ನಾಲಿಗೆ ತುದಿಗೂ ಬಂತು. ಏಳು ಅಂದದ್ದೊಂದು, ನಿಂಬಿಹಣ್ಣು ಅಂದದ್ದೊಂದು; ಸೊನ್ನೆ ಅಂದಿದ್ದರೆ ಸುಳ್ಳು ಮೂರಾಗಿ ಹುಡುಗಿಯ ಒಗಟೇ ಕೆಡುತ್ತಿತ್ತು. ಎದ್ದು ನಿಂತು, ಕೈ ಕಟ್ಟಿಕೊಂಡು, "ಎರಡು" ಅಂದೆ.

"ಸರಿ ಉತ್ತರ" ಅಂದಳು ಗಂಗಾ. "ಈಗ ಕೂಡ್ರಿ ಸರ್."