ಪಟ್ಟಿಯೊಳಗೆ ಸೂಜಿ ಉಂಟಾ?

"ಕೈ ಮಾತ್ರ ಮುಟ್ಟಬೇಡಿ ಡಾಕ್ಟ್ರೆ! ಬಾಯಲ್ಲಿ ಎಷ್ಟು ಬೇಕಾದ್ರೂ ಕೇಳಿ, ಹೇಳ್ತೇನೆ. ಕೈ ಕೊಡುದಿಲ್ಲ ಅಂದ್ರೆ ಕೊಡುದಿಲ್ಲ."

ಹೀಗೆಂದು ತ್ಯಾಂಪಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಕೋಡಿಂಬಾಳದ ತನ್ನ ಮನೆಯ ಗೋಡೆಗೆ ಹಲ್ಲಿಯಂತೆ ಅಂಟಿ ನಿಂತ. ಪುತ್ತೂರು ಕಡಬಗಳ ನಡುವೆ ಮೂವತ್ತಾರು ವರ್ಷ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದ ಮನುಷ್ಯ. ಓಡುವ ಬಸ್ಸಿನ ಬಾಗಿಲಲ್ಲಿ ಒಂದು ಕಾಲಿನ ಮೇಲೆ ನೇತಾಡಿದವನು, ಕುಡಿದು ಹತ್ತಿದವರನ್ನು ಒಂದೇ ಕೈಯಲ್ಲಿ ಇಳಿಸಿದವನು. ಅಂಥವನನ್ನು ಈಗ ಬೆದರಿಸುತ್ತಿದ್ದುದು ಮೇಜಿನ ಮೇಲೆ ಸುರುಳಿ ಸುತ್ತಿ ಮಲಗಿದ್ದ ಒಂದು ಕಪ್ಪು ಪಟ್ಟಿ.

ಪಟ್ಟಿ ತಂದವಳು ಜಾಲ್ಸೂರಿನ ಹುಡುಗಿ ಡಾಕ್ಟರ್ ಫಾತಿಮತ್ ಝುಹ್ರಾ. ಎಂ.ಡಿ. ಓದುತ್ತಿದ್ದಳು. ಅರವತ್ತು ದಾಟಿದವರು ಲಸಿಕೆಗೆ ಯಾಕೆ ಹಿಂಜರಿಯುತ್ತಾರೆ, ಅವರ ಬಿಪಿ ಎಷ್ಟಿರುತ್ತದೆ ಎಂಬುದು ಅವಳ ಸಂಶೋಧನೆ. ಒಪ್ಪಿದವರಿಗೆ ಕಡಬದ ಆಸ್ಪತ್ರೆಯಲ್ಲಿ ಫ್ಲೂ ಲಸಿಕೆಯನ್ನೂ ಕೊಡಿಸುತ್ತಿದ್ದಳು. ನಾನೂರು ಮನೆ ಮುಗಿಸಬೇಕಿತ್ತು, ಇದು ಇನ್ನೂರ ಹದಿಮೂರನೆಯದು. ಬ್ಯಾರಿ, ಮಲಯಾಳ, ಅರೆಭಾಷೆ ಎಲ್ಲ ಬರುತ್ತಿದ್ದ ಅವಳಿಗೆ ತುಳು ಮಾತ್ರ ಅರ್ಧಂಬರ್ಧ. ಹಾಗಾಗಿ ತ್ಯಾಂಪಣ್ಣನೂ ಅವನ ಹೆಂಡತಿ ಚೆನ್ನುವೂ ತಮ್ಮ ಜಗಳವನ್ನು ಅವಳ ಅನುಕೂಲಕ್ಕೆಂದು ಕನ್ನಡಕ್ಕೆ ಬದಲಾಯಿಸಿಕೊಂಡಿದ್ದರು.

ಚೆನ್ನು: ಮಾರಾಯ್ರೆ, ಅದು ಬಿಪಿ ನೋಡುವ ಮೆಷಿನು. ಕೈ ಕತ್ತರಿಸುವ ಮೆಷಿನಲ್ಲ.

ತ್ಯಾಂಪಣ್ಣ: ನಿನಗೆಂತ ಗೊತ್ತು? ಪಟ್ಟಿ ಕಟ್ಟುದು, ಗಾಳಿ ತುಂಬಿಸುದು, ಕೈಗೆ ಜೋಮು ಹಿಡಿಸುದು. ಜೋಮು ಹಿಡಿದ ಮೇಲೆ ಒಳಗಿಂದ ಸೂಜಿ ಬಂದ್ರೆ ಯಾರಿಗೆ ಗೊತ್ತಾಗ್ತದೆ?

ಝುಹ್ರಾ: ಪಟ್ಟಿಯೊಳಗೆ ಸೂಜಿ ಇಲ್ಲ ಅಂಕಲ್.

ತ್ಯಾಂಪಣ್ಣ: ನೋಡಿದ್ಯಾ ಚೆನ್ನು, ಅಂಕಲ್ ಅಂದ್ರು! ಚುಚ್ಚುವವರು ಮೊದಲು ಸಂಬಂಧ ಹೇಳುದು.

ಚೆನ್ನು: ಈ ಸೂಜಿಯ ಸುದ್ದಿ ನಿಮಗೆ ಹೇಳಿದ್ದು ಯಾರು?

ತ್ಯಾಂಪಣ್ಣ: ನಮ್ಮ ಡ್ರೈವರ್ ಅಲಿ ಕುಂಞಿ. ವಾಟ್ಸಾಪಿನಲ್ಲಿ ಹಾಕಿದ್ದಾನೆ. ವಿಡಿಯೋ ಸಮೇತ.

ಚೆನ್ನು: ಅಲಿ ಕುಂಞಿ ಹೋದ ವಾರವೇ ಕಡಬಕ್ಕೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದ.

ತ್ಯಾಂಪಣ್ಣ: ಎಂತ?

ಚೆನ್ನು: ಅವನ ಹೆಂಡತಿಯೇ ಹೇಳಿದ್ದು. ವಿಡಿಯೋದ ಕೆಳಗೆ 'ಇಂಥ ಸುಳ್ಳು ನಂಬಬೇಡಿ' ಅಂತ ಬರೆದಿದ್ದನಂತೆ. ನೀವು ಓದಲಿಲ್ವಾ?

ತ್ಯಾಂಪಣ್ಣ: ಅಷ್ಟು ಕೆಳಗೆ ಯಾರು ಓದ್ತಾರೆ!

ಡ್ರೈವರನೇ ಕೈ ಕೊಟ್ಟ ಮೇಲೆ ಕಂಡಕ್ಟರಿಗೆ ಬಲ ಎಲ್ಲಿಂದ? ತ್ಯಾಂಪಣ್ಣ ಗೋಡೆ ಬಿಟ್ಟು ಕುರ್ಚಿಗೆ ಬಂದ. ಕೈಗಳು ಮಾತ್ರ ಬೆನ್ನ ಹಿಂದೆಯೇ ಉಳಿದವು. ಝುಹ್ರಾ ಪಟ್ಟಿಯನ್ನು ಬದಿಗೆ ಸರಿಸಿ ಫಾರಂ ತೆಗೆದಳು.

ಝುಹ್ರಾ: ಸರಿ, ಕೈ ಬೇಡ. ಪ್ರಶ್ನೆ ಕೇಳ್ತೇನೆ. ಫ್ಲೂ ಜ್ವರದ ಲಸಿಕೆ ತೆಗೆದುಕೊಳ್ಳಲಿಕ್ಕೆ ನಿಮಗೆ ಹಿಂಜರಿಕೆ ಉಂಟಾ?

ತ್ಯಾಂಪಣ್ಣ: ಹಿಂಜರಿಕೆಯಾ? ನನಗಾ? ಮೂವತ್ತಾರು ವರ್ಷ 'ಮುಂದೆ ಹೋಗಿ, ಮುಂದೆ ಹೋಗಿ' ಅಂತ ಬೊಬ್ಬೆ ಹಾಕಿದವ ನಾನು.

ಝುಹ್ರಾ: ಹಾಗಾದ್ರೆ 'ಇಲ್ಲ' ಅಂತ ಬರೀತೇನೆ. ಲಸಿಕೆ ಹಾಕಿಸಿದ್ದೀರಾ?

ತ್ಯಾಂಪಣ್ಣ: ಇಲ್ಲ.

ಝುಹ್ರಾ: ಮುಂದೆ ಹಾಕಿಸ್ತೀರಾ?

ತ್ಯಾಂಪಣ್ಣ: ಇಲ್ಲ.

ಝುಹ್ರಾ: ಮತ್ತೆ ಹಿಂಜರಿಕೆ ಇಲ್ಲ ಅಂದ್ರಿ?

ತ್ಯಾಂಪಣ್ಣ: ಹಿಂಜರಿಕೆ ಅಂದ್ರೆ ಹೋಗುದಾ ಬೇಡವಾ ಅಂತ ಅನುಮಾನ ಮಾಡುದು. ನನಗೆ ಅನುಮಾನವೇ ಇಲ್ಲ. ಹೋಗುದೇ ಇಲ್ಲ.

ಝುಹ್ರಾ ಪೆನ್ನಿನ ತುದಿ ಕಚ್ಚಿದಳು. ಇನ್ನೂರ ಹನ್ನೆರಡು ಮನೆಗಳಲ್ಲಿ ಇಷ್ಟು ಖಚಿತವಾದ ಉತ್ತರ ಅವಳಿಗೆ ಸಿಕ್ಕಿರಲಿಲ್ಲ. ಅದನ್ನು ಬರೆಯಲು ಫಾರಮಿನಲ್ಲಿ ಜಾಗವೂ ಇರಲಿಲ್ಲ.

ಝುಹ್ರಾ: ಮುಂದಿನದ್ದು. 'ಲಸಿಕೆ ಸುರಕ್ಷಿತ.' ಇದಕ್ಕೆ ಐದು ಉತ್ತರ ಉಂಟು. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ಯಾವುದು?

ಚೆನ್ನು: ಐದೂ ಹಾಕಿ ಮಗಳೇ. ತಿಂಡಿಗೆ ಎಂತ ಮಾಡ್ಲಿ ಅಂತ ಕೇಳಿದ್ರೂ ಇವರು ಐದನ್ನೂ ಹೇಳುದು.

ತ್ಯಾಂಪಣ್ಣ: ಕೇಳಿದ್ದು ನನ್ನತ್ರ. ಬರೀರಿ ಡಾಕ್ಟ್ರೆ, ಸ್ವಲ್ಪವೂ ಒಪ್ಪುವುದಿಲ್ಲ. ಒಂದನೇ ಕಾರಣ, ಪುತ್ತೂರು ತಾಲೂಕಿನ ಕೆಮ್ಮು ಸೀನು ಎಲ್ಲ ನನ್ನ ಕುತ್ತಿಗೆಯ ಮೇಲೆಯೇ ಆದದ್ದು. ನನಗೆ ಎಂತದ್ದೂ ಆಗಲಿಲ್ಲ. ಎರಡನೇದು, ಇದೆಲ್ಲ ಕಂಪೆನಿಯವರ ವ್ಯಾಪಾರ. ಮೂರನೇದು, ಲಸಿಕೆ ಹಾಕಿಸಿದವರಿಗೂ ಜ್ವರ ಬರ್ತದೆ.

ಚೆನ್ನು: ಟಿಕೆಟ್ ತಗೊಂಡವರು ಕೂಡ ಒಮ್ಮೊಮ್ಮೆ ನಿಂತೇ ಹೋಗ್ಬೇಕಾಗ್ತದೆ. ಹಾಗಂತ ಟಿಕೆಟ್ ಇಲ್ಲದವರನ್ನು ನೀವು ಹತ್ತಿಸ್ತಿದ್ರಾ?

ಝುಹ್ರಾಳಿಗೆ ನಗು ತಡೆಯಲಾಗಲಿಲ್ಲ. ತ್ಯಾಂಪಣ್ಣನಿಗೆ ಅದು ತಾಗಿತು. ಹೊರಗಿನವರ ಮುಂದೆ ಹೆಂಡತಿಯ ಮಾತಿಗೆ ಉತ್ತರ ಸಿಗದೆ ಹೋಗುವುದು ಅವನಿಗೆ ಹೊಸದಲ್ಲ, ಆದರೆ ಅದಕ್ಕೆ ಡಾಕ್ಟರೊಬ್ಬರು ನಗುವುದು ಹೊಸದು.

ಇತ್ತ ಚೆನ್ನು ಸೀರೆಯ ಸೆರಗು ಬಿಗಿದು ಕುರ್ಚಿ ಎಳೆದುಕೊಂಡಳು. ಊರಿನ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಟೀಚರಾಗಿದ್ದವಳು. ಅಟ್ಟದ ಮೇಲೆ, ಭತ್ತದ ಕಣಜದ ಹಿಂದೆ ಅವಿತ ಮಕ್ಕಳನ್ನೆಲ್ಲ ಕಿವಿ ಹಿಡಿದು ತಂದು ಪೋಲಿಯೋ ಹನಿ ಹಾಕಿಸಿದವಳು.

ಚೆನ್ನು: ಮಗಳೇ, ನನ್ನ ಕೈಗೆ ಕಟ್ಟಿ. ಸೂಜಿ ಉಂಟಾ ಇಲ್ವಾ ಅಂತ ಇವರು ಕಣ್ಣಾರೆ ನೋಡ್ಲಿ.

ಝುಹ್ರಾ: ಈ ಮೊದಲು ನೋಡಿಸಿದ್ದೀರಾ ಟೀಚರ್?

ಚೆನ್ನು: ನನಗೆಂತ ಬಿಪಿ! ನಾನು ಗಟ್ಟಿ ಇದ್ದೇನೆ.

ಝುಹ್ರಾ: ಬೆನ್ನು ಕುರ್ಚಿಗೆ ಒರಗಿಸಿ. ಪಾದ ಎರಡೂ ನೆಲಕ್ಕೆ. ಇನ್ನು ಐದು ನಿಮಿಷ ಯಾರೂ ಮಾತಾಡ್ಬಾರ್ದು. ಮಾತಾಡಿದ್ರೆ ಲೆಕ್ಕ ತಪ್ತದೆ.

ಒಂದು ನಿಮಿಷ ನಲವತ್ತು ಸೆಕೆಂಡು ಮನೆ ನಿಶ್ಶಬ್ದವಾಯಿತು.

ತ್ಯಾಂಪಣ್ಣ: ಐದು ನಿಮಿಷ ಅಂದ್ರೆ ಎಷ್ಟು ಉದ್ದ ಅಲ್ವಾ?

ಚೆನ್ನು: ನೀವು ಬಾಯಿ ಮುಚ್ಚಿದ್ರೆ ಗಿಡ್ಡ ಆಗ್ತದೆ.

ಝುಹ್ರಾ: ಮತ್ತೆ ಒಂದರಿಂದ ಶುರು.

ಎರಡನೆಯ ಸಲ ಎರಡು ನಿಮಿಷಕ್ಕೆ ಕುಕ್ಕರು ಕೂಗಿತು. ಎಷ್ಟನೇ ವಿಸಿಲೆಂದು ಇಬ್ಬರಿಗೂ ಭಿನ್ನಾಭಿಪ್ರಾಯ ಬಂತು. ಮೂರನೆಯ ಸಲ ತ್ಯಾಂಪಣ್ಣ ಮಾತಾಡಲಿಲ್ಲ, ಬರೇ ಕೆಮ್ಮಿದ. ಆದರೆ ಆ ಕೆಮ್ಮಿನಲ್ಲಿ ಕುಹಕ ಇತ್ತೆಂದು ಚೆನ್ನು ವಾದಿಸಿದಳು. ನಾಲ್ಕನೆಯ ಸಲ ಝುಹ್ರಾ ಅವನನ್ನು ಅಂಗಳಕ್ಕೆ ಕಳಿಸಿ ಬಾಗಿಲು ಹಾಕಿದಳು.

ಅಂಗಳದಲ್ಲಿ ನಿಲ್ಲುವ ಜಾತಿಯವನೇ ತ್ಯಾಂಪಣ್ಣ? ಕಿಟಕಿಯ ಸರಳು ಹಿಡಿದು ಇಣುಕಿದ. ಪಟ್ಟಿ ಊದಿತು. ಚೆನ್ನುವಿನ ಮುಖದಲ್ಲಿ ನೋವಿನ ಗೆರೆಯೂ ಮೂಡಲಿಲ್ಲ. ಸೂಜಿ ಇಲ್ಲವೆಂದು ಅವನಿಗೆ ಖಾತ್ರಿಯಾಗುತ್ತಿದ್ದಂತೆಯೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೆಷಿನು ನೋಡಿದ ಡಾಕ್ಟರ ಮುಖದ ನಗು ಮಾಯವಾಗಿತ್ತು. ಅವಳು ಕೈಗಡಿಯಾರ ನೋಡಿ, ಸ್ವಲ್ಪ ತಡೆದು, ಇನ್ನೊಮ್ಮೆ ಗಾಳಿ ತುಂಬಿಸಿದಳು. ಮತ್ತೆ ಮೂರನೆಯ ಸಲ. ಮೂವತ್ತಾರು ವರ್ಷ ಜನರ ಮುಖ ನೋಡಿಯೇ ಯಾರು ಎಲ್ಲಿ ಇಳಿಯುತ್ತಾರೆಂದು ಹೇಳುತ್ತಿದ್ದವನಿಗೆ ಆ ಮುಖ ಅರ್ಥವಾಯಿತು. ಬಾಗಿಲು ತಳ್ಳಿ ಒಳಗೆ ಬಂದ.

ಝುಹ್ರಾ: ಟೀಚರ್, ನಿಮಗೆ ತಲೆನೋವು ಬರ್ತದಾ?

ಚೆನ್ನು: ಬರ್ತದೆ. ಇವರು ರಿಟೈರ್ ಆದಂದಿನಿಂದ.

ಝುಹ್ರಾ: ಎದೆನೋವು? ಕಣ್ಣು ಮಂಜಾಗುದು? ಕೈಕಾಲಿಗೆ ಬಲ ಇಲ್ಲದ ಹಾಗೆ ಆಗುದು?

ಚೆನ್ನು: ಅದೆಲ್ಲ ಇಲ್ಲ. ಯಾಕೆ?

ಝುಹ್ರಾ: ನೂರ ಎಂಬತ್ತಾರು, ನೂರ ಹತ್ತು. ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ ಬಂತು.

ತ್ಯಾಂಪಣ್ಣ: ಎರಡರಲ್ಲಿ ಯಾವುದು ಸರಿ ಡಾಕ್ಟ್ರೆ? ಚಿಕ್ಕದು ಇರ್ಲಿ ನಮಗೆ.

ಝುಹ್ರಾ: ಎರಡೂ ಸೇರಿಯೇ ಬಿಪಿ ಅಂಕಲ್. ಎರಡೂ ತುಂಬ ಜಾಸ್ತಿ ಉಂಟು. ಹೀಗೇ ಬಿಟ್ರೆ ಒಂದು ದಿನ ಪಾರ್ಶ್ವವಾಯು ಹೊಡೆಯಬಹುದು. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು, ಮಾತ್ರೆ ಶುರು ಮಾಡ್ಬೇಕು.

ಚೆನ್ನು ಪಟ್ಟಿಯನ್ನು ತಾನೇ ಬಿಚ್ಚಿ ಮೇಜಿನ ಮೇಲೆ ಒಗೆದಳು.

ಚೆನ್ನು: ಮೆಷಿನು ಹಾಳಾಗಿದೆ.

ತ್ಯಾಂಪಣ್ಣನಿಗೆ ಆ ಮಾತು ದೇವರ ಪ್ರಸಾದದಂತೆ ಕೇಳಿಸಿತು. ಹೌದು, ಮೆಷಿನು ಹಾಳಾಗಿರಬೇಕು. ಅವನು ಧಡಕ್ಕನೆ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿದ.

ತ್ಯಾಂಪಣ್ಣ: ನನಗೆ ಕಟ್ಟಿ. ನನಗೂ ನೂರ ಎಂಬತ್ತಾರು ಬಂದ್ರೆ ಮೆಷಿನು ಹಾಳು ಅಂತಲೇ ಲೆಕ್ಕ.

ಐದು ನಿಮಿಷ. ತ್ಯಾಂಪಣ್ಣ ತುಟಿ ಬಿಚ್ಚಲಿಲ್ಲ, ಕೆಮ್ಮಲಿಲ್ಲ. ಮದುವೆಯಾದ ನಲವತ್ತೊಂದು ವರ್ಷಗಳಲ್ಲಿ ಎಚ್ಚರವಿರುವಾಗ ಅವನು ಇಷ್ಟು ಹೊತ್ತು ಸುಮ್ಮನಿದ್ದುದನ್ನು ಕಂಡಿರದ ಚೆನ್ನುವಿಗೆ, ಮೆಷಿನಿನ ಅಂಕಿಗಿಂತ ಆ ಮೌನವೇ ಹೆಚ್ಚು ದಿಗಿಲು ಹುಟ್ಟಿಸಿತು. ಒಳಗೊಳಗೆ ತ್ಯಾಂಪಣ್ಣ ಕಂಡಕಂಡ ದೈವಗಳಿಗೆಲ್ಲ ಕೈಮುಗಿದು ತನ್ನ ಬಿಪಿ ಏರಲೆಂದು ಬೇಡುತ್ತಿದ್ದ.

ಝುಹ್ರಾ: ನೂರ ಇಪ್ಪತ್ತೆರಡು, ಎಪ್ಪತ್ತೆಂಟು. ತುಂಬ ಒಳ್ಳೆದುಂಟು ಅಂಕಲ್.

ತ್ಯಾಂಪಣ್ಣ: ಎಂತ ಒಳ್ಳೆದು! ಇನ್ನೊಮ್ಮೆ ನೋಡಿ. ಸರಿಯಾಗಿ ನೋಡಿ.

ಇನ್ನೊಮ್ಮೆ ನೋಡಿದರೆ ಇನ್ನೂ ಎರಡು ಕಡಿಮೆಯೇ ಬಂತು. ಪಂಕ್ಚರಾದ ಚಕ್ರದಂತೆ ತ್ಯಾಂಪಣ್ಣ ಕುರ್ಚಿಯಲ್ಲಿ ಕುಸಿದ.

ತ್ಯಾಂಪಣ್ಣ: ಚೆನ್ನು, ಹೊರಡು. ಕಡಬಕ್ಕೆ.

ಚೆನ್ನು: ಎಂತಕ್ಕೆ? ನನ್ನ ಅಮ್ಮ ತೊಂಬತ್ತು ವರ್ಷ ಬದುಕಿದ್ದು ಬಿಪಿ ನೋಡಿಸಿಯಾ?

ತ್ಯಾಂಪಣ್ಣ: ನಿನ್ನ ಅಮ್ಮನಿಗೆ ನನ್ನಂಥ ಗಂಡ ಇರ್ಲಿಲ್ಲ.

ಚೆನ್ನು: ಈ ಮಾತ್ರೆ ಒಮ್ಮೆ ಶುರು ಮಾಡಿದ್ರೆ ಬಿಡ್ಲಿಕ್ಕೆ ಆಗುದಿಲ್ಲ.

ತ್ಯಾಂಪಣ್ಣ: ಊಟ ಶುರು ಮಾಡಿದ್ದಿಯಲ್ಲ, ಅದನ್ನು ಬಿಟ್ಟಿದ್ಯಾ?

ಚೆನ್ನು: ಇದೆಲ್ಲ ಕಂಪೆನಿಯವರ ವ್ಯಾಪಾರ.

ತ್ಯಾಂಪಣ್ಣ: ಅದು ನನ್ನ ಡೈಲಾಗು! ನೀನು ಹೇಳ್ಬಾರ್ದು.

ಚೆನ್ನು: ನೀವು ಹೇಳಿದ್ರೆ ಆಗ್ತದೆ, ನಾನು ಹೇಳಿದ್ರೆ ಆಗುದಿಲ್ವಾ? ನೋಡಿ, ಒಂದು ಮಾತು. ನೀವು ಲಸಿಕೆ ಹಾಕಿಸಿ, ನಾನು ಮಾತ್ರೆ ತಿಂತೇನೆ. ಆಗುದಿಲ್ವಾ, ನನ್ನನ್ನೂ ಕರೀಬೇಡಿ.

ತ್ಯಾಂಪಣ್ಣ ನೆಲ ನೋಡಿದ. ಊರಿನ ಮಕ್ಕಳನ್ನೆಲ್ಲ ಹಿಡಿದು ತಂದವಳು ಈಗ ತಾನೇ ಅಟ್ಟ ಹತ್ತಿ ಕೂತಿದ್ದಳು. ಇಳಿಸಬೇಕಾದವನು ತಾನು. ಕೊನೆಗೆ ಅವನು ಝುಹ್ರಾಳ ಕಡೆ ತಿರುಗಿ ದನಿ ತಗ್ಗಿಸಿದ.

ತ್ಯಾಂಪಣ್ಣ: ಡಾಕ್ಟ್ರೆ, ಆ ಮೂರು ಕಾರಣ ಹೊಡೆದು ಹಾಕಿ. ಎಲ್ಲ ಪೊಕ್ಕಡೆ, ಸುಮ್ಮನೆ ಹೇಳಿದ್ದು. ನನಗೆ ಕಂಪೆನಿಯ ಮೇಲೆ ಸಂಶಯವೂ ಇಲ್ಲ, ಮಣ್ಣೂ ಇಲ್ಲ. ಸೂಜಿ ಅಂದ್ರೆ ಹೆದರಿಕೆ.

ಝುಹ್ರಾ: ಅಷ್ಟೆಯಾ?

ತ್ಯಾಂಪಣ್ಣ: ಅಷ್ಟೆ ಅಂದ್ರೆ! ಎಂಟನೇ ಕ್ಲಾಸಿನಲ್ಲಿ ಇಂಜೆಕ್ಷನಿನವರು ಬಂದಾಗ ಕಿಟಕಿ ಹಾರಿ ಓಡಿದವ ನಾನು. ಮತ್ತೆ ಶಾಲೆಯ ಕಡೆ ತಲೆ ಹಾಕಿ ಮಲಗಲಿಲ್ಲ.

ಚೆನ್ನು: ಎಂತ? ಮನೆಯಲ್ಲಿ ಕಷ್ಟ ಇತ್ತು, ಅದಕ್ಕೆ ಶಾಲೆ ಬಿಟ್ಟೆ ಅಂತ ನನ್ನ ಅಪ್ಪನತ್ರ ಹೇಳಿದ್ದು?

ತ್ಯಾಂಪಣ್ಣ: ಹೆಣ್ಣು ಕೇಳ್ಲಿಕ್ಕೆ ಬಂದವ ಮತ್ತೆಂತ ಹೇಳುದು ಮಾರಾಯ್ತಿ?

ಚೆನ್ನು: ಅಪ್ಪ ಅದನ್ನು ಕೇಳಿ ಕಣ್ಣೀರು ಹಾಕಿದ್ರು!

ಅವಳು ನಗಲು ಶುರು ಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಝುಹ್ರಾ ಮೂರು ಕಾರಣಗಳ ಮೇಲೆ ಗೆರೆ ಎಳೆದು 'ಹೆದರಿಕೆ' ಎಂದು ಬರೆದಳು. ಹಿಂದಿನ ಇನ್ನೂರ ಹನ್ನೆರಡು ಫಾರಮುಗಳಲ್ಲಿ ಇಂಥ ಎಷ್ಟು ಕಿಟಕಿ ಹಾರಿದವರಿದ್ದಾರೋ ಎಂಬ ಚಿಂತೆ ಅವಳನ್ನು ಹಿಡಿಯಿತು. ಚೆನ್ನು ಕಣ್ಣೊರೆಸಿಕೊಂಡು ಎದ್ದು ಚಪ್ಪಲಿ ಹುಡುಕಿದಳು.

ಮೂವರೂ ಹನ್ನೊಂದೂವರೆಯ ಬಸ್ಸಿಗೆ ಕಡಬಕ್ಕೆ ಹೋದರು. ಆಸ್ಪತ್ರೆಯ ಡಾಕ್ಟರು ಇನ್ನೊಮ್ಮೆ ಬಿಪಿ ನೋಡಿ, ಹೃದಯದ ಪರೀಕ್ಷೆ ಮಾಡಿಸಿ, ಮಾತ್ರೆ ಬರೆದುಕೊಟ್ಟರು. ಚೆನ್ನು ಮೊದಲ ಮಾತ್ರೆಯನ್ನು ಅಲ್ಲೇ ನೀರು ಕುಡಿದು ನುಂಗಿ, ಗಂಡನ ಕಡೆ ನೋಡಿದಳು. ಝುಹ್ರಾಳ ಸಂಶೋಧನೆಯವರು ಲಸಿಕೆ ಕೊಡುವ ಕೋಣೆ ಪಕ್ಕದಲ್ಲೇ ಇತ್ತು. ಝುಹ್ರಾ ಒಪ್ಪಿಗೆಯ ಕಾಗದವನ್ನು ಪೂರ್ತಿ ಓದಿ ಹೇಳಿದಳು. ತ್ಯಾಂಪಣ್ಣ 'ಹೂಂ, ಹೂಂ' ಎನ್ನುತ್ತ ಸಹಿ ಹಾಕಿದ. ನರ್ಸ್ ಪರಮೇಶ್ವರಿ ಸೂಜಿ ಹಿಡಿದು ಬಂದಳು.

ತ್ಯಾಂಪಣ್ಣ ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಚೆನ್ನುವಿನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ತನಗೆ ಬಾಯಿಪಾಠವಾಗಿದ್ದ ಏಕೈಕ ಮಂತ್ರವನ್ನು ಜಪಿಸತೊಡಗಿದ. "ಪುತ್ತೂರು, ಉಪ್ಪಿನಂಗಡಿ, ರಾಮಕುಂಜ, ಆಲಂಕಾರು..."

ಪರಮೇಶ್ವರಿ: ಆಯ್ತು ಅಣ್ಣ.

ತ್ಯಾಂಪಣ್ಣ: ಎಂತ ಆಯ್ತು? ಕಡಬ ಬರ್ಲಿಲ್ಲ ಇನ್ನೂ!

ಪರಮೇಶ್ವರಿ: ಹಾಕಿ ಆಯ್ತು. ಹತ್ತಿ ಒತ್ತಿ ಹಿಡೀರಿ.

ತ್ಯಾಂಪಣ್ಣ ಕಣ್ಣು ಬಿಟ್ಟು ತೋಳು ನೋಡಿದ. ಸಾಸಿವೆ ಕಾಳಿನಷ್ಟು ರಕ್ತ. ಐವತ್ತಮೂರು ವರ್ಷ ಓಡಿಸಿದ ಹೆದರಿಕೆ ಇಷ್ಟು ಬೇಗ ಇಳಿದು ಹೋದದ್ದು ಅವನಿಗೆ ಒಂದು ರೀತಿಯ ಮೋಸದಂತೆ ಕಂಡಿತು. ಎದೆಯುಬ್ಬಿಸಿ ಸುತ್ತ ನೋಡಿದ.

ತ್ಯಾಂಪಣ್ಣ: ಇದಾ ಸೂಜಿ ಅಂದ್ರೆ? ಥೂ! ಒಂದು ಸಲ ಹಾಕಿಸಿದ್ರೆ ಜನ್ಮಕ್ಕಾಯ್ತು ಮಾರಾಯ್ರೆ.

ಪರಮೇಶ್ವರಿ: ಜನ್ಮಕ್ಕಲ್ಲ ಅಣ್ಣ, ಒಂದು ವರ್ಷಕ್ಕೆ. ಬರುವ ವರ್ಷ ಪುನಃ ಬನ್ನಿ.

ತ್ಯಾಂಪಣ್ಣ: ಎಂತ? ವರ್ಷ ವರ್ಷವೂ? ಡಾಕ್ಟ್ರೆ, ಇದನ್ನು ಮೊದಲೇ ಹೇಳ್ಬೇಕಿತ್ತಲ್ಲ!

ಝುಹ್ರಾ: ಓದಿ ಹೇಳಿದ್ದೇನೆ ಅಂಕಲ್. ನೀವು ಹೂಂ ಅಂದ್ರಿ.

ತ್ಯಾಂಪಣ್ಣ: ನಾನು ಹೂಂ ಅಂದದ್ದು ಹೆದರಿಕೆಗೆ! ಕೇಳಿಸಿದ್ದು ಯಾರಿಗೆ? ಸರಿಯಾಗಿ ಕೇಳಿದ್ರೆ ನಾನು ಒಪ್ತಿದ್ನಾ?

ಚೆನ್ನು ಅವನ ಅಂಗಿಯ ತೋಳನ್ನು ಮೆಲ್ಲನೆ ಕೆಳಗೆ ಎಳೆದಳು.

ಚೆನ್ನು: ಎಲ್ಲರೂ ಎಲ್ಲವನ್ನೂ ಸರಿಯಾಗಿ ಕೇಳಿ ಒಪ್ಪುದಾದ್ರೆ ಲೋಕದಲ್ಲಿ ಒಂದು ಮದುವೆ ಕೂಡ ಆಗ್ತಿರ್ಲಿಲ್ಲ ಮಾರಾಯ್ರೆ. ಏಳಿ, ಹಿಂದೆ ಜನ ಕಾಯ್ತಾ ಇದ್ದಾರೆ.